ಬೆಂಡಿನ ಅಲುಗಾಟದಲ್ಲಿ ಮೀನಿನ ಗುರುತು

ಗಾಳ ಹಾಕುವುದನ್ನು ನನಗೆ ಕಲಿಸಿದವರು ನನ್ನ ಸೋದರಮಾವ. 1983ರ ಬೇಸಿಗೆ ರಜೆಯಲ್ಲಿ, ನನಗೆ 12 ವರ್ಷವಾಗಿದ್ದಾಗ, ಅವರು ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಯಲಹಂಕದ ನಮ್ಮ ಮನೆಯಿಂದ ಜಕ್ಕೂರು ಕೆರೆಗೆ ಕರೆದುಕೊಂಡು ಹೋಗುತ್ತಿದ್ದರು. ಅವರ ಬಳಿ ರೀಲು ಇರಲಿಲ್ಲ. ಹತ್ತು ಅಡಿಯ ಬಿದಿರಿನ ಗಳ, ಅದರ ತುದಿಗೆ ಹೆಚ್ಚುಕಡಿಮೆ ಅಷ್ಟೇ ಉದ್ದದ ನೈಲಾನ್ ದಾರ, ಒಂದು ಸಣ್ಣ ಕೊಕ್ಕೆ, ಕೊಕ್ಕೆಗಿಂತ ಗೇಣು ಮೇಲೆ ದಾರಕ್ಕೆ ಅಮುಕಿ ಕೂರಿಸಿದ ಸೀಸದ ಚೂರು, ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು ತೆಗೆದ ಕಿರುಬೆರಳುದ್ದದ ಬೆಂಡು, ಇಷ್ಟೇ ಅವರ ಸಲಕರಣೆ. ಮೊದಲ ವಾರವಿಡೀ ಅವರು ಗಳವನ್ನು ನನ್ನ ಕೈಗೆ ಕೊಡಲಿಲ್ಲ. ಪಕ್ಕದಲ್ಲಿ ಕುಳಿತು ನೀರಿನ ಮೇಲಿನ ಬೆಂಡನ್ನಷ್ಟೇ ನೋಡುತ್ತಿರಬೇಕು, ಅದು ಅಲುಗಿದ ಕೂಡಲೇ ಕೆಳಗೆ ಬಂದಿರುವುದು ಯಾವ ಮೀನು ಎಂದು ಹೇಳಬೇಕು, ಮೀನು ಮೇಲೆ ಬಂದಾಗ ನನ್ನ ಮಾತು ಸರಿಯೋ ತಪ್ಪೋ ಎಂದು ನೋಡಿಕೊಳ್ಳಬೇಕು. ಅವರ ಪಾಠದ ಕ್ರಮ ಹೀಗಿತ್ತು. ನಲವತ್ತು ವರ್ಷಗಳ ನಂತರ ನನ್ನ ಕೈಯಲ್ಲಿ ಒಳ್ಳೆಯ ಗಳಗಳೂ ರೀಲುಗಳೂ ಇದ್ದರೂ, ನಾನು ಮೀನು ಹಿಡಿಯುವುದು ಆ ಒಂದು ವಾರದ ಕಲಿಕೆಯಿಂದಲೇ. ಒಂದೊಂದು ಮೀನಿನ ಬಾಯಿಯ ಆಕಾರ ಒಂದೊಂದು ಬಗೆ, ಮೇಯುವ ಆಳವೂ ಬೇರೆ ಬೇರೆ. ಆದ್ದರಿಂದ ಬೆಂಡನ್ನು ಅವು ಅಲುಗಿಸುವ ರೀತಿಯೂ ಒಂದೇ ಆಗಿರುವುದಿಲ್ಲ.

ಬೆಂಗಳೂರಿನ ಕೆರೆಗಳಲ್ಲಿ ಹುಡುಗರ ಗಾಳಕ್ಕೆ ಮೊದಲು ಸಿಗುವುದು ಜಿಲೇಬಿ, ಅಂದರೆ ತಿಲಾಪಿಯಾ. ಆಫ್ರಿಕಾ ಮೂಲದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಈಗ ಅದು ಇಲ್ಲದ ಕೆರೆಯನ್ನು ಹುಡುಕುವುದು ಕಷ್ಟ. ಜಿಲೇಬಿ ಎರೆಯನ್ನು ಒಂದೇ ಸಲಕ್ಕೆ ನುಂಗುವುದಿಲ್ಲ. ತುದಿಯಿಂದ ಕಿತ್ತು, ಬಿಟ್ಟು, ಮತ್ತೆ ಕೀಳುತ್ತದೆ, ಹೀಗಾಗಿ ಬೆಂಡು ಚಳಿಗೆ ನಡುಗುವವರಂತೆ ಪಟಪಟನೆ ನಡುಗುತ್ತದೆ. ಆ ನಡುಕಕ್ಕೆ ಗಳ ಎತ್ತಿದರೆ ಬರಿಯ ಕೊಕ್ಕೆ ಬರುತ್ತದೆ. ಬೆಂಡು ನಡುಗುವುದನ್ನು ನಿಲ್ಲಿಸಿ ಓರೆಯಾಗಿ ಸರಿಯಲು ಶುರುಮಾಡಿದಾಗ ಮಣಿಕಟ್ಟನ್ನಷ್ಟೇ ತಿರುಗಿಸಿದರೆ ಸಾಕು. 10 ಅಥವಾ 12ನೇ ನಂಬರಿನ ಸಣ್ಣ ಕೊಕ್ಕೆಯನ್ನು ಬಳಸಿ, ಅದರ ಬೆನ್ನು ಮುಚ್ಚುವಷ್ಟೇ ಎರೆಹುಳುವಿನ ತುಂಡನ್ನು ಪೋಣಿಸಬೇಕು. ತೂಗಾಡುವ ಬಾಲ ಬಿಟ್ಟರೆ ಅದು ಬಾಲವನ್ನೇ ತಿಂದು ಹೋಗುತ್ತದೆ.

ಆ ಬೇಸಿಗೆಯಲ್ಲಿಯೇ ಒಂದು ಬೆಳಿಗ್ಗೆ ನಾನೇ ಎಳೆದ ಜಿಲೇಬಿಯೊಂದಕ್ಕೆ ಕೊಕ್ಕೆಯು ಬಾಯಿಯೊಳಗೆ ಸಿಗದೆ ಕೆನ್ನೆಯ ಹೊರಗೆ ಚುಚ್ಚಿಕೊಂಡಿತ್ತು. ಅದನ್ನು ಬಿಡಿಸಲು ಅಂಗೈಯಲ್ಲಿ ಹಿಡಿದಾಗ ಅದರ ಬಾಯಿಯಿಂದ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಎರಡು ಕಪ್ಪು ಚುಕ್ಕೆಯಂಥ ಕಣ್ಣುಗಳಿದ್ದ ಮರಿಗಳು ನನ್ನ ಬೆರಳುಗಳ ಮೇಲೆ ಉದುರತೊಡಗಿದವು. ನಾನು ಹೆದರಿ ಕೂಗಿದೆ. ಮಾವ ಎದ್ದು ಬಂದವರೇ, "ಬಾಣಂತಿ ಕಣೋ ಅದು, ನೀರಿಗೆ ಬಿಡು" ಎಂದರು. ನನ್ನ ಕೈಯನ್ನು ಮರಿಗಳ ಸಮೇತ ದಡದ ನೀರಿನಲ್ಲಿ ಮುಳುಗಿಸಿ, ತಾಯಿಯನ್ನು ಅಲ್ಲಿಯೇ ಬಿಡಿಸಿದರು. ಹೆಣ್ಣು ಜಿಲೇಬಿ ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಿಯಲ್ಲಿಟ್ಟುಕೊಂಡು ಕಾಪಾಡುತ್ತದೆ, ಆ ದಿನಗಳಲ್ಲಿ ಅದು ಸಾಮಾನ್ಯವಾಗಿ ಮೇಯುವುದಿಲ್ಲ ಎಂದು ಅವರು ಹೇಳಿದ್ದು ಆಮೇಲೆ. ದಡದ ಮಣ್ಣಿನಲ್ಲಿ ಅವು ತೋಡಿದ ತಟ್ಟೆಯಂಥ ಗುಂಡಿಗಳು ಕಂಡರೆ ನಾನು ಇಂದಿಗೂ ಅಲ್ಲಿ ಗಾಳ ಬಿಡುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಬೇಟೆ ಗೆಂಡೆಯದು. ಮೀನುಗಾರಿಕೆ ಇಲಾಖೆಯವರು ಸಾಮಾನ್ಯ ಗೆಂಡೆ ಎನ್ನುವ ಈ ಮೀನಿಗೆ ಬಾಯಿಯ ಎರಡೂ ಬದಿಗೆ ಕಿರುಮೀಸೆಗಳಿದ್ದು, ತಲೆ ಕೆಳಗೆ ಮಾಡಿ ಕೆಸರನ್ನು ಬಾಯಿಯಿಂದ ಹೀರಿ, ತಿನ್ನುವಂಥದ್ದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಉಗುಳುತ್ತದೆ. ಅದು ಬಂದ ಸುಳಿವು ಬೆಂಡಿಗಿಂತ ಮೊದಲು ನೀರಿನಲ್ಲೇ ಸಿಗುತ್ತದೆ: ಕೆಸರಿನಿಂದ ಎದ್ದ ಸಣ್ಣ ಗುಳ್ಳೆಗಳು ಒಂದೇ ಕಡೆ ಗೊಂಚಲಾಗಿ ಮೇಲೆ ಬರುತ್ತವೆ, ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಮತ್ತೊಂದು ಗೊಂಚಲು. ಇದಕ್ಕಾಗಿ ನಾನು ಆಳವನ್ನು ಮೊದಲೇ ಅಳೆದು, ಕೊಕ್ಕೆಯೂ ಅದರ ಹತ್ತಿರದ ಸೀಸದ ಚೂರೂ ಎರಡೂ ನೆಲಕ್ಕೆ ತಾಗುವಂತೆ, ಬೆಂಡಿನ ತುದಿ ಮಾತ್ರ ನೀರಿನಿಂದ ಹೊರಗೆ ಕಾಣುವಂತೆ ಕಟ್ಟುತ್ತೇನೆ. ಗೆಂಡೆ ಎರೆಯನ್ನು ಹೀರಿ ತಲೆ ಎತ್ತಿದಾಗ ಸೀಸದ ಚೂರನ್ನೂ ಜೊತೆಗೆ ಎತ್ತುತ್ತದೆ; ಭಾರ ಕಳೆದುಕೊಂಡ ಬೆಂಡು ಮುಳುಗುವ ಬದಲು ಮೇಲೇಳುತ್ತದೆ, ಕೆಲವೊಮ್ಮೆ ನೀರಿನ ಮೇಲೆ ಅಡ್ಡಡ್ಡ ಮಲಗಿಬಿಡುತ್ತದೆ. ಬೆಂಡು ಮುಳುಗಿದರೆ ಮೀನು ಎಂದು ಕಾಯುವವರು ಈ ಕ್ಷಣವನ್ನು ಕಳೆದುಕೊಳ್ಳುತ್ತಾರೆ. ಮಲಗಿದ ಬೆಂಡಿಗೆ ಗಳ ಎತ್ತಬೇಕು ಎಂಬುದು ನನಗೆ ತಿಳಿದಿರುವ ವಿಷಯಗಳಲ್ಲೆಲ್ಲ ಹೆಚ್ಚು ಮೀನು ತಂದುಕೊಟ್ಟ ವಿಷಯ.

ಗೆಂಡೆಗೆ ನನ್ನ ಹಿಟ್ಟು ಹೀಗೆ. ಹುರಿದು ಪುಡಿಮಾಡಿದ ಕಡಲೆಕಾಯಿ ಹಿಂಡಿ ಎರಡು ಹಿಡಿ, ರಾಗಿ ಹಿಟ್ಟು ಒಂದು ಹಿಡಿ, ಅಂಟಿಗೆ ಸ್ವಲ್ಪ ಮೈದಾ, ಒಂದು ಅಡಿಕೆ ಗಾತ್ರದ ಬೆಲ್ಲ, ಕುಟ್ಟಿದ ಸೋಂಪು. ಕೆರೆಯ ನೀರಿನಲ್ಲೇ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಗಾಳ ಬಿಡುವ ಅರ್ಧ ಗಂಟೆ ಮೊದಲು ಅದೇ ಜಾಗಕ್ಕೆ ತೌಡು ಮತ್ತು ಹಿಂಡಿಯ ಎರಡು ಉಂಡೆ ಎಸೆದಿದ್ದರೆ ಮೀನು ಆ ವಾಸನೆಗೆ ಬಂದಿರುತ್ತದೆ. ಹೆಚ್ಚು ಎಸೆಯಬಾರದು, ಹೊಟ್ಟೆ ತುಂಬಿದ ಮೀನು ಗಾಳದ ಕಡೆ ತಿರುಗಿಯೂ ನೋಡುವುದಿಲ್ಲ.

ಅರ್ಕಾವತಿ ನದಿಗೆ 1894ರಲ್ಲಿ ಕಟ್ಟಿದ ಹೆಸರಘಟ್ಟ ಕೆರೆಯಲ್ಲಿ, ನನ್ನ ಕಾಲೇಜು ದಿನಗಳಲ್ಲಿ, ಒಂದು ದೊಡ್ಡ ಗೆಂಡೆಯನ್ನು ಹತ್ತು ನಿಮಿಷ ಆಡಿಸಿ ದಡದಿಂದ ಮೂರು ಮಾರು ದೂರಕ್ಕೆ ತಂದಿದ್ದೆ. ಅದರ ಕಂಚಿನ ಬಣ್ಣದ ಪಕ್ಕೆ ಒಮ್ಮೆ ಹೊಳೆದದ್ದು ಕಂಡಿತು, ಮರುಕ್ಷಣ ದಾರ ಸಡಿಲವಾಯಿತು. ದಾರ ತುಂಡಾಗಿದೆ ಎಂದು ನಾನು ಭಾವಿಸಿದ್ದೆ. ಕೈಗೆ ತೆಗೆದುಕೊಂಡು ನೋಡಿದರೆ ತುದಿಯು ಸ್ಪ್ರಿಂಗಿನಂತೆ ಸುರುಳಿ ಸುತ್ತಿತ್ತು, ಅಂದರೆ ದಾರ ಹರಿದಿರಲಿಲ್ಲ, ನನ್ನ ಗಂಟು ಬಿಚ್ಚಿಕೊಂಡಿತ್ತು. ಒಣ ನೈಲಾನನ್ನು ರಭಸದಿಂದ ಬಿಗಿದರೆ ಉಜ್ಜಿದ ಕಾವಿಗೆ ಅದು ದುರ್ಬಲವಾಗುತ್ತದೆ. ಹೆದರಿ ಅರ್ಧಕ್ಕೆ ಬಿಗಿದರೆ ಜಾರುತ್ತದೆ. ಆ ದಿನದಿಂದ ಪ್ರತಿಯೊಂದು ಗಂಟಿಗೂ ಎಂಜಲು ಹಚ್ಚಿ, ನಿಧಾನವಾಗಿ ಪೂರ್ತಿ ಬಿಗಿದು, ಕೊಕ್ಕೆಯನ್ನು ಗಳದ ಉಂಗುರಕ್ಕೆ ಸಿಕ್ಕಿಸಿ ಒಮ್ಮೆ ಜಗ್ಗಿ ನೋಡದೆ ನಾನು ನೀರಿಗೆ ಬಿಟ್ಟಿಲ್ಲ.

ಕಾಟ್ಲಾ, ರೋಹು ಮತ್ತು ಮೃಗಾಲ್ ಈ ಮೂರನ್ನೂ ಒಂದೇ ಕೆರೆಗೆ ಬಿತ್ತನೆ ಮಾಡುವುದಕ್ಕೆ ಕಾರಣವಿದೆ: ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದು ಇನ್ನೊಂದರ ಆಹಾರಕ್ಕೆ ಕೈ ಹಾಕುವುದು ಕಡಿಮೆ. ಮೀನು ಸಾಕುವವರ ಈ ಲೆಕ್ಕವೇ ಗಾಳ ಹಾಕುವವನಿಗೆ ಆಳದ ಲೆಕ್ಕ. ಮೃಗಾಲಿಗೆ ಗೆಂಡೆಯ ಕ್ರಮವೇ ಸಾಕು. ರೋಹುವಿನ ತುಟಿ ಅಂಚು ಕಟ್ಟಿದಂತೆ ನವಿರಾಗಿದ್ದು, ಅದು ಎರೆಯನ್ನು ಎರಡು ಮೂರು ಬಾರಿ ತಟ್ಟಿ, ಆಮೇಲೆ ಬೆಂಡನ್ನು ನೇರವಾಗಿ, ಅವಸರವಿಲ್ಲದೆ ಕೆಳಕ್ಕೆ ಒಯ್ಯುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ, ಅದು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಮೀನು. ಕೊಕ್ಕೆಯ ಮೇಲಿನ ಉಂಡೆಯನ್ನು ಕಚ್ಚುವ ಅಭ್ಯಾಸವೇ ಅದಕ್ಕಿಲ್ಲ. ಆದ್ದರಿಂದ ನಿಂಬೆಹಣ್ಣಿನ ಗಾತ್ರದ ಸಡಿಲ ಹಿಟ್ಟಿನ ಉಂಡೆಯನ್ನು ಮಾಡಿ, ಅದರ ಸುತ್ತ ನಾಲ್ಕು ಸಣ್ಣ ಕೊಕ್ಕೆಗಳನ್ನು ಗಿಡ್ಡ ದಾರದಲ್ಲಿ ಕಟ್ಟಿ, ನೀರಿನ ಮಧ್ಯದಲ್ಲಿ ತೂಗಬಿಡುತ್ತೇವೆ. ಉಂಡೆ ನೀರಿನಲ್ಲಿ ಕರಗಿ ಮೋಡದಂತೆ ಹರಡುತ್ತದೆ, ಕಾಟ್ಲಾ ಆ ಮೋಡವನ್ನು ಹೀರುವಾಗ ಕೊಕ್ಕೆಯೊಂದು ಬಾಯಿಗೆ ಹೋಗುತ್ತದೆ. ಬೆಂಡು ಒಂದು ಕಾಳಿನಷ್ಟು ಇಳಿದು ನಿಲ್ಲುತ್ತದೆ, ಅಷ್ಟೇ ಸೂಚನೆ. ಐದು ಕಿಲೋ ಮೀನು ಕೊಡುವ ಸೂಚನೆ ಅಷ್ಟು ಸಣ್ಣದು ಎಂದು ನಂಬುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

ಕೊರಮೀನಿಗೆ ಬೆಂಡು ಬೇಡ. ಇದು ಬೇಟೆಗಾರ ಮೀನು. ತಾವರೆ ಎಲೆಗಳ ನಡುವೆ, ಜೊಂಡಿನ ಅಂಚಿನಲ್ಲಿ ಅಲುಗದೆ ನಿಂತು ಕಪ್ಪೆ, ಸಣ್ಣ ಮೀನುಗಳನ್ನು ಹೊಂಚುತ್ತದೆ. ಮಾವನ ಕಾಲದಲ್ಲಿ ಜೀವಂತ ಕಪ್ಪೆಯನ್ನು ಕಟ್ಟುತ್ತಿದ್ದರು. ನಾನು ರಬ್ಬರ್ ಕಪ್ಪೆ ಬಳಸುತ್ತೇನೆ, ಅದರ ಕೊಕ್ಕೆಗಳು ಮೈಗೆ ಅಂಟಿಕೊಂಡಿರುವುದರಿಂದ ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ಎಲೆಯ ಮೇಲೆ ಬೀಳುವಂತೆ ಎಸೆದು, ಅಲ್ಲಿಂದ ನೀರಿಗೆ ಮೆಲ್ಲಗೆ ಜಾರಿಸಿ, ಎರಡು ಎಳೆತ, ಒಂದು ವಿರಾಮ. ನೀರು ಒಡೆದಂತೆ ಸದ್ದಾದಾಗ ಕೈ ತಾನಾಗಿ ಎಳೆಯುತ್ತದೆ, ಎಳೆಯಬಾರದು. ಎರಡು ಎಣಿಸಿ, ದಾರದ ಮೇಲೆ ಭಾರ ತಿಳಿದ ಮೇಲೆಯೇ ಜೋರಾಗಿ ಜಗ್ಗಬೇಕು. ಅದಾದ ಮೇಲೆ ಮಾತ್ರ ಒಂದು ಕ್ಷಣವೂ ಸಡಿಲ ಕೊಡಬಾರದು. ಕೆಂಪು ಕಿತ್ತಳೆ ಬಣ್ಣದ ಮರಿಗಳ ಹಿಂಡು ನೀರಿನ ಮೇಲೆ ಕುದಿಯುವಂತೆ ಕಂಡರೆ ಅದರ ಕೆಳಗೆ ತಂದೆತಾಯಿ ಕಾವಲಿವೆ ಎಂದರ್ಥ. ಹಸಿವಿಲ್ಲದಿದ್ದರೂ ಮರಿಗಳನ್ನು ಕಾಯುವ ಸಿಟ್ಟಿನಲ್ಲಿ ಅವು ಕಪ್ಪೆಯನ್ನು ಹೊಡೆಯುತ್ತವೆ ಎಂದು ತಿಳಿದೇ ಅಲ್ಲಿಗೆ ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾವಲು ತಪ್ಪಿದ ಹಿಂಡನ್ನು ಜಿಲೇಬಿಗಳು ನೋಡನೋಡುತ್ತಲೇ ಮುಗಿಸುತ್ತವೆ.

ಚೇಳುಮೀನಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಅದು ಸಂಜೆಯ ನಂತರ ಎರೆಹುಳುವಿಗೆ ಬರುತ್ತದೆ, ಬೆಂಡನ್ನು ಮುಳುಗಿಸದೆ ಪಕ್ಕಕ್ಕೆ ನಡೆಸಿಕೊಂಡು ಹೋಗುತ್ತದೆ. ಅದರ ಎದೆಯ ರೆಕ್ಕೆಗಳ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಅದ್ದಿ ಇಟ್ಟುಕೊಂಡರೆ ನೋವು ಇಳಿಯುತ್ತದೆ. ಸಾಕಣೆಗೆ ಸರ್ಕಾರದ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಈಗ ನಗರದ ಕೆರೆಗಳಲ್ಲಿ ಗಾಳಕ್ಕೆ ಬೀಳುತ್ತದೆ. ಅದು ಉಳಿದ ಮೀನುಗಳನ್ನೆಲ್ಲ ತಿನ್ನುವುದರಿಂದ ನಾನು ಅದನ್ನು ಮತ್ತೆ ನೀರಿಗೆ ಬಿಡುವುದಿಲ್ಲ.

ಕಾವೇರಿಯ ಬಿಳಿಮೀನನ್ನು, ಅಂದರೆ ಮಹಶೀರ್ ಅನ್ನು, ನಾನು ಹಿಡಿದದ್ದು ಒಂದೇ ಬಾರಿ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದ ಭೀಮೇಶ್ವರಿಯಲ್ಲಿ, 1998ರಲ್ಲಿ, ಹಿಡಿದು ಬಿಡುವ ನಿಯಮದ ಮೇಲೆ ಗಾಳ ಹಾಕಲು ಅವಕಾಶವಿತ್ತು. ಎರೆ ನಮ್ಮ ಮನೆಯ ಊಟವೇ: ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸಿ, ಆರಿಸಿ, ಹರಿವಿಗೆ ಕರಗದಷ್ಟು ಬಿರುಸಾದ ಮೇಲೆ ದೊಡ್ಡ ಕೊಕ್ಕೆಯ ಸುತ್ತ ಒತ್ತಿ ಕೂರಿಸುವುದು. ಹರಿಗೋಲು ನಡೆಸುತ್ತಿದ್ದ ಹಿರಿಯರು ನನ್ನ ಬೆರಳನ್ನು ದಾರದ ಮೇಲೆ ಇಡಿಸಿ, "ಆತುರ ಬೀಳ್ಬೇಡಿ ಸಾರ್, ಮೊದ್ಲು ಅದು ರಾಗಿ ತಟ್ಟಿ ನೋಡ್ತದೆ" ಎಂದರು. ಮೂರು ಬಾರಿ ತಟ್ಟಿದ್ದು ಬೆರಳಿಗೆ ತಿಳಿಯಿತು. ನಾಲ್ಕನೆಯದು ತಟ್ಟುವಿಕೆಯಾಗಿರಲಿಲ್ಲ, ರೀಲಿನಿಂದ ದಾರ ಬಂಡೆಗಳ ಕಡೆಗೆ ಕಿರುಚುತ್ತ ಓಡಿತು. ಏಳು ಕಿಲೋ ತೂಗಿದ ಆ ಮೀನಿನ ಹುರುಪೆಗಳು ನನ್ನ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗಿದ್ದವು. 2010ರ ದಶಕದ ಆರಂಭದಲ್ಲಿ ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದು ನಿಂತಿತು. ಕಾವೇರಿಯ ಡುಬ್ಬದ ಮಹಶೀರ್‌ಗೆ ತೋರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೂ, ಅದು ಅಳಿವಿನ ತೀವ್ರ ಅಂಚಿನಲ್ಲಿದೆ ಎಂದು ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿದ್ದೂ 2018ರಲ್ಲಿ. ನಾನು ಅಲ್ಲಿಗೆ ಮತ್ತೆ ಗಳ ಒಯ್ದಿಲ್ಲ, ಒಯ್ಯುವ ಆಸೆಯೂ ಇಲ್ಲ.

ಹೊತ್ತಿನ ವಿಷಯದಲ್ಲಿ ಮಾವನ ಪಾಠವನ್ನು ನಾನು ತಿದ್ದಿಕೊಳ್ಳಬೇಕಾಯಿತು. ಸೂರ್ಯ ಹುಟ್ಟುವ ಮೊದಲೇ ಗಾಳ ನೀರಿನಲ್ಲಿರಬೇಕು ಎನ್ನುತ್ತಿದ್ದರು. ತಿಳಿನೀರಿನ ಕೆರೆಗೆ ಅದು ಇಂದಿಗೂ ಸರಿ. ಆದರೆ ಒಳಚರಂಡಿಯ ನೀರು ಸೇರಿ ಹಸಿರು ಪಾಚಿ ಕಟ್ಟಿದ ಕೆರೆಗಳಲ್ಲಿ ಪಾಚಿಯೂ ರಾತ್ರಿಯಿಡೀ ಉಸಿರಾಡಿ ನೀರಿನ ಆಮ್ಲಜನಕವನ್ನು ಬಳಸುವುದರಿಂದ, ನಸುಕಿಗೆ ಅದು ತೀರಾ ಕಡಿಮೆಯಾಗಿರುತ್ತದೆ. ಆ ಹೊತ್ತಿನಲ್ಲಿ ಗೆಂಡೆ, ರೋಹುಗಳು ನೀರಿನ ಮೇಲ್ಮೈಗೆ ಬಾಯಿಟ್ಟು ಏದುಸಿರು ಬಿಡುತ್ತಿರುತ್ತವೆ, ತಿನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಬಿಸಿಲು ಬಿದ್ದು ಒಂಬತ್ತು ಗಂಟೆಯಾದ ಮೇಲೆಯೇ ಬೆಂಡು ಅಲುಗುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಕೊರಮೀನಿಗೆ ಮಾತ್ರ ಈ ತೊಂದರೆಯಿಲ್ಲ. 2016ರ ಮಾರ್ಚ್‌ನಲ್ಲಿ ಅಲಸೂರು ಕೆರೆಯಲ್ಲಿ ಸತ್ತ ಮೀನುಗಳು ರಾಶಿ ರಾಶಿಯಾಗಿ ದಡಕ್ಕೆ ಬಂದಾಗ ನಾನು ಹೋಗಿ ನೋಡಿದ್ದೆ. ಆ ನಂತರ ನಗರದೊಳಗಿನ ಕೆರೆಯ ಮೀನನ್ನು ಮನೆಗೆ ತಂದಿಲ್ಲ. ಈಗ ನಾನು ಹೋಗುವುದು ದೊಡ್ಡಬಳ್ಳಾಪುರದ ಕಡೆಯ ಮಳೆನೀರಿನ ಕೆರೆಗಳಿಗೆ, ಅದೂ ಮೀನಿನ ಗುತ್ತಿಗೆ ಹಿಡಿದವರನ್ನು ಮೊದಲು ಕೇಳಿಕೊಂಡು. ಬಿತ್ತನೆಗೆ ದುಡ್ಡು ಹಾಕಿದವರು ಅವರು. ರೋಹಿಣಿ, ಮೃಗಶಿರ ಮಳೆಗಳಿಗೆ ಹೊಸ ನೀರು ಬಂದು ಮೀನು ಮೇಲಕ್ಕೆ ಹತ್ತುವ ದಿನಗಳಲ್ಲಿ, ಕೋಡಿ ಬಿದ್ದ ಕಡೆ ಬುಟ್ಟಿಯಲ್ಲೇ ಬಾಚಿಕೊಳ್ಳಬಹುದಾದಷ್ಟು ಮೀನಿದ್ದರೂ, ಮೊಟ್ಟೆ ತುಂಬಿದ ಮೀನಿಗೆ ನಾನು ಗಳ ಎತ್ತುವುದಿಲ್ಲ.

ಊಟಕ್ಕೆ ಒಂದು ಮೀನು ಸಾಕಾಗುತ್ತದೆ, ಉಳಿದದ್ದನ್ನು ಬಿಡುತ್ತೇನೆ. ಬಿಡುವುದಕ್ಕೂ ಕ್ರಮವಿದೆ. ಕೊಕ್ಕೆಯ ಹಿಮ್ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿಕೊಂಡು ಬಂದಿರುತ್ತೇನೆ, ಆದ್ದರಿಂದ ಅದು ತಿರುಗಿಸಿದೊಡನೆ ಬಿಡುತ್ತದೆ. ಒಣಗೈಯಲ್ಲಿ ಹಿಡಿದರೆ ಮೀನಿನ ಮೈಯ ಲೋಳೆ ಕಿತ್ತುಬಂದು ಆಮೇಲೆ ಅಲ್ಲಿ ಹುಣ್ಣಾಗುತ್ತದೆ, ಹಾಗಾಗಿ ಮೊದಲು ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿಕೊಳ್ಳುತ್ತೇನೆ. ನಂತರ ಮೊಣಕಾಲು ನೀರಿಗಿಳಿದು, ಒಂದು ಕೈಯನ್ನು ಹೊಟ್ಟೆಯ ಕೆಳಗೆ, ಇನ್ನೊಂದನ್ನು ಬಾಲದ ಬುಡಕ್ಕೆ ಹಿಡಿದು, ಮೀನನ್ನು ನೆಟ್ಟಗೆ ನಿಲ್ಲಿಸಿ ಕಾಯುತ್ತೇನೆ. ದಣಿದ ಗೆಂಡೆಗೆ ಕೆಲವೊಮ್ಮೆ ಮೂರು ನಾಲ್ಕು ನಿಮಿಷ ಬೇಕಾಗುತ್ತದೆ. ಕಿವಿರುಗಳು ಒಂದೇ ಸಮನೆ ತೆರೆದು ಮುಚ್ಚತೊಡಗಿ, ಬಾಲ ಬಿಗಿಯಾಗಿ, ಅದು ತಾನಾಗಿಯೇ ಕೈಯಿಂದ ಜಾರಿಹೋದ ಮೇಲೆ ದಡಕ್ಕೆ ಬಂದು ಒದ್ದೆ ಬಟ್ಟೆಯೊಳಗಿನ ಹಿಟ್ಟನ್ನು ಮತ್ತೆ ತೆರೆಯುತ್ತೇನೆ.