ರಾತ್ರಿ ಮೊಬೈಲ್ ಎಲ್ಲಿ ಮಲಗಬೇಕು?

ದಾವಣಗೆರೆಯ ಕಾಲೇಜೊಂದರಲ್ಲಿ ಬೆಳಗಿನ ಮೊದಲ ಪೀರಿಯಡ್ ನನ್ನದು. ಕೆಂಪಗಾದ ಕಣ್ಣು ನೋಡಿ ‘ರಾತ್ರಿ ಓದಿದ್ರಾ?’ ಎಂದರೆ ಮಕ್ಕಳು ತಲೆ ತಗ್ಗಿಸುತ್ತಾರೆ. ಒಂದು ರೀಲ್ಸ್ ನೋಡಿ ಮಲಗೋಣ ಅಂದುಕೊಂಡವರಿಗೆ ಎರಡು ಗಂಟೆ ಹೊಡೆದಿರುತ್ತದೆ. ಅವರನ್ನು ಸೋಮಾರಿಗಳೆನ್ನಲು ನನಗೆ ಮನಸ್ಸು ಬಾರದು. ಒಂದು ವಿಡಿಯೊ ಮುಗಿಯುತ್ತಲೇ ಇನ್ನೊಂದು ಬರುವಂತೆ ಆ ಆಪ್‌ಗಳನ್ನು ಕಟ್ಟಿದ್ದಾರೆ.

ಮೊದಲು ಲೆಕ್ಕ ಇಡಿ. ಆಂಡ್ರಾಯ್ಡ್‌ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ಇರುತ್ತದೆ. ದಿನಕ್ಕೆ ಎಷ್ಟು ಹೊತ್ತು ಫೋನು ನೋಡಿದಿರೆಂದು ಅದು ತೋರಿಸುತ್ತದೆ. ಒಂದು ವಾರ ಏನನ್ನೂ ಬದಲಿಸದೆ ದಿನದ ಗಂಟೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲೇ ರಾತ್ರಿ ಫೋನು ಕೆಳಗಿಟ್ಟ ಹೊತ್ತನ್ನೂ ಬರೆಯಿರಿ. ನನ್ನ ಅನುಭವದಲ್ಲಿ ಈ ಎರಡನೆಯದೇ ಹೆಚ್ಚು ಮಾತಾಡುತ್ತದೆ.

ಆಮೇಲೆ ರಾತ್ರಿಯನ್ನು ಸರಿಪಡಿಸಿ. ಉಳಿದದ್ದು ನಿಧಾನವಾದರೂ ನಡೆದೀತು. 18ರಿಂದ 25ರ ವಯಸ್ಸಿನವರಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಕತ್ತಲಾದ ಮೇಲೆ ಮಿದುಳು ಮೆಲಟೋನಿನ್ ಎಂಬ ಹಾರ್ಮೋನು ಬಿಟ್ಟು ದೇಹವನ್ನು ನಿದ್ದೆಗೆ ಅಣಿಮಾಡುತ್ತದೆ. ಕಣ್ಣೆದುರಿನ ಬೆಳಕು ಅದನ್ನು ತಡೆಯುತ್ತದೆ. ಬೆಳಕಿಗಿಂತಲೂ ಕಾಡುವುದು ಗೆಳೆಯರ ಸ್ಟೇಟಸ್ಸು, ಗ್ರೂಪಿನ ಜಗಳ. ಅದು ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಹಾಗಾಗಿ ಮಲಗುವ ಒಂದು ಗಂಟೆ ಮೊದಲೇ ಫೋನನ್ನು ಕೈಗೆಟುಕದ ಕಡೆ ಚಾರ್ಜಿಗೆ ಹಾಕಿ. ‘ಅಲಾರಾಂಗೆ ಬೇಕು ಮೇಡಂ’ ಎನ್ನುವವರು ಒಂದು ಗಡಿಯಾರ ಕೊಳ್ಳಿ. ಹಾಸ್ಟೆಲ್ಲಿನಲ್ಲಿ ಪ್ಲಗ್ಗು ಮಂಚದ ಪಕ್ಕದಲ್ಲೇ ಇದ್ದರೆ ಸಂಜೆಯೇ ಚಾರ್ಜು ಮುಗಿಸಿ, ರಾತ್ರಿ ಟ್ರಂಕಿನೊಳಗಿಡಿ.

ಮನೆಯವರ ಕರೆಗಳನ್ನು ಬಿಟ್ಟು ಮಿಕ್ಕ ನೋಟಿಫಿಕೇಶನ್ ಆಫ್ ಮಾಡಿ. ಓದಿಗೆ ಫೋನು ಬೇಕೇ ಬೇಕಾದಾಗ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು 20 ಸೆಕೆಂಡು ನೋಡಿ. ಕಣ್ಣಿಗೆ ಬಿಡುವು ಸಿಗುತ್ತದೆ.

ಮೊದಲ ನಾಲ್ಕೈದು ದಿನ ಕೈ ಚಡಪಡಿಸುತ್ತದೆ. ಆ ಹೊತ್ತಿಗೆ ಏನು ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಸಂಜೆ ಕುಂದುವಾಡ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ, ಗೆಳೆಯರೊಡನೆ ಮಂಡಕ್ಕಿ-ಮಿರ್ಚಿ ತಿನ್ನಿ. ಅಷ್ಟು ಹೊತ್ತು ಎಲ್ಲರ ಫೋನೂ ಬ್ಯಾಗಿನಲ್ಲಿರಲಿ.

ಅಪ್ಪ-ಅಮ್ಮಂದಿರೇ, ಫೋನು ಕಿತ್ತುಕೊಳ್ಳಬೇಡಿ. ನೋಟ್ಸು ಬರುವುದೂ ಅದರಲ್ಲೇ. ಊಟದ ಹೊತ್ತಿಗೆ ನಿಮ್ಮದನ್ನೂ ಬದಿಗಿಡಿ.

ಇಷ್ಟಾದರೂ ಎರಡು ವಾರ ನಿದ್ದೆ ಬಾರದೆ, ಊಟ ಸೇರದೆ, ಯಾವುದೂ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಬ್ಬರೇ ಮಾಡಲು ಅಂಜಿಕೆಯಾದರೆ ನಿಮ್ಮ ಮೇಷ್ಟ್ರನ್ನೋ ಮೇಡಮ್ಮನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾನು ಹಾಗೆ ಕೂತಿದ್ದೇನೆ.