ಖಾಕಿ ಬೇಕಾ? ಮೊದಲ ಸುತ್ತು ನಿಧಾನ ಓಡಿ

ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದ ಮೇಲೂ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಹೋಗುವ ಚಟ ಬಿಟ್ಟಿಲ್ಲ. ಅಲ್ಲಿ ದಿನಾ ಹತ್ತಿಪ್ಪತ್ತು ಹುಡುಗರು ಓಡುತ್ತಿರುತ್ತಾರೆ. ಎಲ್ಲರಿಗೂ ಪೊಲೀಸ್ ಕಾನ್‌ಸ್ಟೆಬಲ್ ಆಗುವ ಆಸೆ. ಲಿಖಿತ ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದು, ಓಟದಲ್ಲಿ ಏಳೆಂಟು ಸೆಕೆಂಡಿಗೆ ಕೆಲಸ ಕಳೆದುಕೊಂಡು ಬಂದವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅರ್ಹತೆ. ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ, ಸಶಸ್ತ್ರ ಪಡೆಯ ಕಾನ್‌ಸ್ಟೆಬಲ್‌ಗೆ ಎಸ್ಸೆಸ್ಸೆಲ್ಸಿ, ಪಿಎಸ್‌ಐಗೆ, ಅಂದರೆ ಸಬ್ ಇನ್‌ಸ್ಪೆಕ್ಟರ್‌ಗೆ, ಪದವಿ. ವಯಸ್ಸಿನ ಮಿತಿಯಲ್ಲಿ ಆಗಾಗ ಸಡಿಲಿಕೆ ಸಿಗುತ್ತದೆ. ಹಾಗಾಗಿ ಗೆಳೆಯರ ಮಾತು ನಂಬದೆ ಅಧಿಸೂಚನೆಯನ್ನು ನೀವೇ ಓದಿ. ಜಾತಿ, ಗ್ರಾಮೀಣ, ಕನ್ನಡ ಮಾಧ್ಯಮ, 371 ಜೆ (ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ) ಪ್ರಮಾಣಪತ್ರಗಳನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಆಮೇಲೆ ಟೇಪು ಹಿಡಿದು ಅಳತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಗಂಡಸರಿಗೆ ಎತ್ತರ 168 ಸೆಂ.ಮೀ., ಎದೆ ಉಬ್ಬಿಸಿದಾಗ 86 ಸೆಂ.ಮೀ. ಇರಬೇಕು, ಅದರಲ್ಲಿ ಉಬ್ಬು 5 ಸೆಂ.ಮೀ.ಗೆ ಕಮ್ಮಿ ಆಗಬಾರದು. ಹೆಂಗಸರಿಗೆ ಎತ್ತರ 157 ಸೆಂ.ಮೀ., ತೂಕ 45 ಕೆ.ಜಿ. ಎತ್ತರ ಹೆಚ್ಚಿಸುತ್ತೇವೆ ಅಂತ ಡಬ್ಬಿಯಲ್ಲಿ ಪುಡಿ ಮಾರುವವರ ಹತ್ತಿರ ದಯವಿಟ್ಟು ಹೋಗಬೇಡಿ. ಬೆಳವಣಿಗೆ ನಿಂತ ಮೂಳೆಯನ್ನು ಯಾವ ಪುಡಿಯೂ ಉದ್ದ ಮಾಡುವುದಿಲ್ಲ. ಆ ದುಡ್ಡಿಗೆ ದಿನಾ ಎರಡು ಮೊಟ್ಟೆ ತಿನ್ನಿ.

ಲಿಖಿತ ಪರೀಕ್ಷೆ 100 ಅಂಕದ್ದು, ಒಂದೂವರೆ ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ, ಗೊತ್ತಿಲ್ಲದ್ದಕ್ಕೆ ಸುಮ್ನೆ ಊಹೆ ಮಾಡಿ ಗುರುತು ಹಾಕಬೇಡಿ. ಅಂತಿಮ ಆಯ್ಕೆ ಪಟ್ಟಿ ನಿಲ್ಲುವುದು ಈ ಅಂಕದ ಮೇಲೆಯೇ.

ಇನ್ನು ಓಟ. ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ. ಇದರಲ್ಲಿ ಅಂಕ ಇಲ್ಲ, ಪಾಸು ಅಥವಾ ಫೇಲು ಅಷ್ಟೇ. ಜಿಗಿತಕ್ಕೂ ಗುಂಡು ಎಸೆತಕ್ಕೂ ಮೂರು ಅವಕಾಶ ಇರುತ್ತದೆ, ಓಟಕ್ಕೆ ಒಂದೇ.

ಹುಡುಗರು ಕೆಡುವುದು ಆರಂಭಶೂರತನದಿಂದ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಅಂದರೆ ಸುತ್ತಿಗೆ 97 ಸೆಕೆಂಡು ಸಿಗುತ್ತದೆ. ಸೀಟಿ ಊದಿದ ಕೂಡಲೇ ಪಕ್ಕದವನನ್ನು ನೋಡಿ ಎಲ್ಲರೂ ಬಿಟ್ಟ ಬಾಣ ಆಗುತ್ತಾರೆ. ನನ್ನದೇ ಶಿಷ್ಯನೊಬ್ಬ ಮೊದಲ ಸುತ್ತನ್ನು 75 ಸೆಕೆಂಡಿಗೆ ಮುಗಿಸಿದ. ಮೂರನೆಯದರಲ್ಲಿ ಪಕ್ಕೆ ಹಿಡಿಯಿತು, ನಾಲ್ಕನೆಯದನ್ನು ನಡೆದು ಮುಗಿಸಿದ. ನೀವು ಮೊದಲ ಸುತ್ತಿಗೆ 95 ಸೆಕೆಂಡು ತೆಗೆದುಕೊಳ್ಳಿ. ಹಿಂದೆ ಬಿದ್ದೆ ಅಂತ ಅನ್ನಿಸುತ್ತದೆ, ಅನ್ನಿಸಲಿ. ಮೂರನೇ ಸುತ್ತಿನಲ್ಲಿ ಅವರನ್ನೆಲ್ಲ ದಾಟುತ್ತೀರಿ.

ಇದು ಕಾಲಿಗೆ ರೂಢಿಯಾಗಲು ಮೂರು ತಿಂಗಳು ಬೇಕು. ಮೊದಲ ತಿಂಗಳು ವಾರಕ್ಕೆ ನಾಲ್ಕು ದಿನ, ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನವಾಗಿ ಅರ್ಧ ಗಂಟೆ. ಗಡಿಯಾರ ಬೇಡ. ಎರಡನೇ ತಿಂಗಳಿಂದ ವಾರಕ್ಕೆರಡು ದಿನ 400 ಮೀಟರ್ ಓಡಿ, ಎರಡು ನಿಮಿಷ ನಡೆಯಿರಿ. ಹೀಗೆ ಆರು ಸಲ. ಆರೂ ಸಲ 95ರ ಆಸುಪಾಸಿನಲ್ಲೇ ಬರಬೇಕು. ಮೊದಲನೆಯದು 80, ಕೊನೆಯದು 110 ಬಂದರೆ ನೀವಿನ್ನೂ ಕಲಿತಿಲ್ಲ ಅಂತ ಅರ್ಥ. ಪೂರ್ತಿ 1600 ಮೀಟರನ್ನು ಹದಿನೈದು ದಿನಕ್ಕೊಮ್ಮೆ ಓಡಿ ನೋಡಿದರೆ ಸಾಕು. ದಿನಾ ಓಡಿ ಮೊಣಕಾಲ ಕೆಳಗೆ ನೋವು ತರಿಸಿಕೊಂಡವರೇ ಜಾಸ್ತಿ. ಕೊನೇ ವಾರ ಅರ್ಧಕ್ಕರ್ಧ ಕಮ್ಮಿ ಮಾಡಿ.

ಮೈದಾನವನ್ನು ಮಾತ್ರ ಟೇಪಿನಿಂದಲೇ ಅಳೆಯಿರಿ. ಮೊಬೈಲ್ ಆ್ಯಪ್ ನಂಬಿ 1500 ಮೀಟರನ್ನೇ 1600 ಅಂದುಕೊಂಡು ತಿಂಗಳುಗಟ್ಟಲೆ ಓಡಿದವರಿದ್ದಾರೆ. ಹೊಸ ಶೂ ತಂದರೆ ಕಡೇಪಕ್ಷ ಮೂರು ವಾರ ಹಾಕಿ ಓಡಿ, ಪರೀಕ್ಷೆಯ ಓಟದ ದಿನ ಪೆಟ್ಟಿಗೆ ಬಿಚ್ಚಬೇಡಿ. ಎನರ್ಜಿ ಡ್ರಿಂಕೂ ಬೇಡ. ಎರಡು ಗಂಟೆ ಮೊದಲು ಎರಡು ಬಾಳೆಹಣ್ಣು, ಸ್ವಲ್ಪ ನೀರು, ಅಷ್ಟೇ.

ಉದ್ದ ಜಿಗಿತ ಗಂಡಸರಿಗೆ 3.80 ಮೀಟರ್, ಅದು ಕಷ್ಟವಲ್ಲ. ಗುಂಡು 7.26 ಕೆ.ಜಿ., 5.60 ಮೀಟರ್ ದಾಟಬೇಕು. ಕೈಯಿಂದ ಬೀಸದೆ ಸೊಂಟ ತಿರುಗಿಸಿ ತಳ್ಳಿ.

"ದುಡ್ಡು ಕೊಡಿ, ಮಾಡಿಸಿಕೊಡ್ತೀನಿ" ಅನ್ನುವವರು ಪ್ರತಿ ಸಲ ಬರುತ್ತಾರೆ. 545 ಪಿಎಸ್‌ಐ ಹುದ್ದೆಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ 2022ರಲ್ಲಿ ರದ್ದಾಯಿತು. ಹಲವು ಅಭ್ಯರ್ಥಿಗಳು ಜೈಲು ನೋಡಿದರು. ಪ್ರಾಮಾಣಿಕವಾಗಿ ಬರೆದವರೂ ಮರುಪರೀಕ್ಷೆಗೆ 2024ರ ಜನವರಿವರೆಗೆ ಕಾದರು.

ಆಯ್ಕೆಯಾದ ಮೇಲೆ ಪೊಲೀಸ್ ತರಬೇತಿ ಶಾಲೆ. ಪಿಎಸ್‌ಐಗಳಿಗಾದರೆ ಮೈಸೂರಿನ ಅಕಾಡೆಮಿ. ಪರೇಡು, ಶಸ್ತ್ರಾಭ್ಯಾಸದ ಜೊತೆ ಕಾನೂನು ಪಾಠವೂ ಇರುತ್ತದೆ. ಅಣ್ಣಂದಿರ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) ನೋಟ್ಸ್ ಒಯ್ಯಬೇಡಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಪಟ್ಟಿಯಲ್ಲಿ ಹೆಸರು ಬಂದ ಖುಷಿಗೆ ಓಟ ನಿಲ್ಲಿಸಿ, ಹೊಟ್ಟೆ ಬೆಳೆಸಿಕೊಂಡು ಹೋದವರ ಪಾಡು ಮೊದಲ ವಾರ ನೋಡಲಾಗದು. ತರಬೇತಿಗೆ ಕರೆ ಬರುವ ತನಕ ವಾರಕ್ಕೆ ಮೂರು ದಿನವಾದರೂ ಮೈದಾನಕ್ಕೆ ಬನ್ನಿ. ನಾನಂತೂ ಇರುತ್ತೇನೆ.