ವಾಚ್ ಕಡೆ ಯಾಕೆ ನೋಡಿದೆ ಅಂತ ಒಂದು ತಿಂಗಳು ಬರೆದಿಟ್ಟೆ

ಆರು ವರ್ಷದಲ್ಲಿ ಮೂರು ಸ್ಮಾರ್ಟ್‌ವಾಚ್ ಕಟ್ಟಿದ್ದೇನೆ. ಮೊದಲನೆಯದು ಡ್ರಾಯರ್‌ನಲ್ಲಿದೆ. ಎರಡನೆಯದನ್ನು ಅಪ್ಪನಿಗೆ ಕೊಟ್ಟೆ. ಮೂರನೆಯದನ್ನು ಈಗಲೂ ಕಟ್ಟುತ್ತೇನೆ, ಆದರೆ ಓಡಲು ಹೋಗುವಾಗ ಮಾತ್ರ. "ತಗೋಬಹುದಾ?" ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಕಣ್ಣು ಮುಚ್ಚಿ ಹೌದು ಅನ್ನುತ್ತಿದ್ದೆ. ಈಗ "ಯಾವ ಕೆಲಸಕ್ಕೆ?" ಅಂತ ಕೇಳುತ್ತೇನೆ.

ಎರಡನೇ ವಾಚ್ ತಗೊಂಡು ಕೆಲವು ತಿಂಗಳಾದ ಮೇಲೆ, ಇದು ನಿಜವಾಗಿ ನನಗೆ ಏನು ಮಾಡಿಕೊಡುತ್ತಿದೆ ಅಂತ ತಿಳಿಯಬೇಕು ಅನ್ನಿಸಿತು. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ಕೈ ಎತ್ತಿ ವಾಚ್ ನೋಡಿದಾಗಲೆಲ್ಲ ಒಂದು ಅಕ್ಷರ ಬರೆಯುವುದು. ಸಮಯ ನೋಡಿದ್ದಕ್ಕೆ 'ಸ', ಮೆಸೇಜಿಗೆ 'ಮೆ', ಹೆಜ್ಜೆಗೆ 'ಹೆ', ನಾಡಿ ಬಡಿತಕ್ಕೆ 'ನಾ'. ಕಾರಣವೇ ಇಲ್ಲದೆ ನೋಡಿದ್ದಕ್ಕೆ 'ಸು', ಅಂದರೆ ಸುಮ್ನೆ.

ತಿಂಗಳ ಕೊನೆಗೆ ಎಣಿಸಿದೆ. ಎಲ್ಲಕ್ಕಿಂತ ಜಾಸ್ತಿ 'ಸ'. ಅದಕ್ಕೆ ಯಾವ ವಾಚ್ ಆದರೂ ಸಾಕಲ್ವಾ? ಆಮೇಲೆ 'ಮೆ'. ಹೆಚ್ಚಿನ 'ಮೆ' ಪಕ್ಕದಲ್ಲಿ ನಾನೇ ಒಂದು ಬಾಣ ಹಾಕಿದ್ದೆ, ಆ ಬಾಣಕ್ಕೆ ಅರ್ಥ ಆಮೇಲೆ ಫೋನ್ ಕೂಡ ತೆಗೆದೆ ಅಂತ. ಅಷ್ಟು ಚಿಕ್ಕ ಪರದೆಯಲ್ಲಿ ಉತ್ತರ ಬರೆಯಲು ಆಗುವುದಿಲ್ಲ, ಹಾಗಾಗಿ ಒಂದು ಮೆಸೇಜಿಗೆ ಎರಡೆರಡು ಸಲ ನೋಡಿದ ಹಾಗಾಯಿತು. ವಾಚ್ ಬಂದರೆ ಫೋನ್ ನೋಡುವುದು ಕಡಿಮೆಯಾಗುತ್ತದೆ ಅಂತ ನಂಬಿ ತಗೊಂಡಿದ್ದೆ. ನೋಟ್‌ಬುಕ್ ಅದಕ್ಕೆ ಉಲ್ಟಾ ಹೇಳಿತು.

ಉಪಯೋಗಕ್ಕೆ ಬಂದದ್ದೂ ಇದೆ. ಎರಡೂ ಕೈ ಒದ್ದೆ ಇರುವಾಗ ಬಂದ ಕರೆ ಯಾರದು ಅಂತ ನೋಡುವುದು, ಒಲೆ ಮೇಲೆ ಏನಾದರೂ ಇಟ್ಟಾಗ ಟೈಮರ್, ಎಲ್ಲೋ ಇಟ್ಟು ಮರೆತ ಫೋನನ್ನು ಕೂಗಿಸಿ ಹುಡುಕುವುದು. ಇವು ಸಣ್ಣವು, ಆದರೆ ನಿಜವಾದ ಉಪಯೋಗಗಳು. ಆ ತಿಂಗಳಾದ ಮೇಲೆ ಕರೆ ಮತ್ತು ಮನೆಯವರ ಮೆಸೇಜ್ ಬಿಟ್ಟು ಉಳಿದ ಎಲ್ಲ ನೋಟಿಫಿಕೇಶನ್ ಬಂದ್ ಮಾಡಿದೆ. ವಾಚ್ ಇರುವವರು ಇದೊಂದನ್ನು ಇವತ್ತೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಆರೋಗ್ಯದ ವಿಷಯದಲ್ಲಿ ನನಗೆ ಕುತೂಹಲ ಜಾಸ್ತಿ, ಹಾಗಾಗಿ ಪರೀಕ್ಷೆಯನ್ನೂ ಜಾಸ್ತಿ ಮಾಡಿದೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ, ವಾಚ್ ತೋರಿಸುವ ಸಂಖ್ಯೆ ಜೊತೆ ಇಟ್ಟು ನೋಡಿದೆ. ಕೂತಿರುವಾಗ ಎರಡು ಮೂರು ಬಡಿತದ ವ್ಯತ್ಯಾಸ, ಅಷ್ಟೇ. ಓಡುವಾಗ ಕಥೆ ಬೇರೆ. ಎದೆಗೆ ಕಟ್ಟುವ ಪಟ್ಟಿ ಹಾಕಿಕೊಂಡು ಏರು ಹತ್ತಿದೆ, ಪಟ್ಟಿ 160 ದಾಟಿದಾಗ ವಾಚ್ ಇನ್ನೂ 130ರ ಹತ್ತಿರವೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಹಿಂದಿನಿಂದ ಬಂದು ಸೇರಿಕೊಂಡಿತು.

ಇದಕ್ಕೆ ಕಾರಣ ವಾಚಿನ ಹಿಂದಿರುವ ಹಸಿರು ದೀಪ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತ ಹೆಚ್ಚು ಕಡಿಮೆ ಆಗುತ್ತದೆ, ಅದಕ್ಕೆ ತಕ್ಕ ಹಾಗೆ ವಾಪಸ್ ಬರುವ ಬೆಳಕೂ ಬದಲಾಗುತ್ತದೆ, ವಾಚ್ ಎಣಿಸುವುದು ಅದನ್ನೇ. ಕೈ ಅಲ್ಲಾಡಿದರೆ, ವಾಚ್ ಸಡಿಲ ಇದ್ದರೆ, ಚಳಿಗೆ ಕೈ ತಣ್ಣಗಾಗಿದ್ದರೆ, ಕೆಳಗೆ ಹಚ್ಚೆ ಇದ್ದರೆ ಲೆಕ್ಕ ತಪ್ಪುತ್ತದೆ. ಎದೆಪಟ್ಟಿಯದು ಬೇರೆ ದಾರಿ, ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಆಮೇಲೆ ನಾನು ಓಡುವಾಗ ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಸರಿಸಿ, ಬೆಲ್ಟನ್ನು ಒಂದು ತೂತು ಬಿಗಿ ಮಾಡಲು ಶುರು ಮಾಡಿದೆ. ವ್ಯತ್ಯಾಸ ತುಂಬಾ ಕಡಿಮೆಯಾಯಿತು.

ಕ್ಯಾಲೊರಿ ಲೆಕ್ಕವನ್ನು ಮಾತ್ರ ನಂಬಬೇಡಿ. ವಾಚ್ 600 ಕ್ಯಾಲೊರಿ ಕರಗಿತು ಅಂದ ದಿನ ಅದನ್ನು ನಂಬಿ ಜಾಸ್ತಿ ತಿನ್ನುತ್ತಿದ್ದೆ, ತೂಕ ಇಳಿಯಲೇ ಇಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ 7 ಸಾಧನಗಳನ್ನು 60 ಜನರ ಕೈಗೆ ಕಟ್ಟಿ ಅಳೆದಿದ್ದರು. ನಾಡಿ ಬಡಿತದಲ್ಲಿ 6 ಸಾಧನಗಳ ತಪ್ಪು ಶೇಕಡಾ 5ರ ಒಳಗೇ ಇತ್ತು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. ಅದನ್ನು ಓದಿದ ದಿನವೇ ವಾಚಿನಿಂದ ಕ್ಯಾಲೊರಿ ಪರದೆ ತೆಗೆದುಹಾಕಿದೆ.

ನಿದ್ದೆಯದೂ ಹಾಗೇ. ಒಂದು ರಾತ್ರಿ ಮಲಗಿಕೊಂಡು ಒಂದು ಗಂಟೆ ಪುಸ್ತಕ ಓದಿದೆ, ವಾಚ್ ಅದನ್ನೂ ನಿದ್ದೆ ಅಂತ ಬರೆದುಕೊಂಡಿತ್ತು. ನಿದ್ದೆಯ ಹಂತಗಳನ್ನು ಸರಿಯಾಗಿ ತಿಳಿಯಬೇಕಾದರೆ ಪ್ರಯೋಗಾಲಯದಲ್ಲಿ ತಲೆಗೆ ತಂತಿ ಹಚ್ಚಿ ಮಿದುಳಿನ ಅಲೆ ನೋಡುತ್ತಾರೆ. ವಾಚ್ ಕೈಯ ಅಲುಗಾಟ ಮತ್ತು ನಾಡಿ ನೋಡಿ ಊಹೆ ಮಾಡುತ್ತದೆ. ಎಷ್ಟು ಗಂಟೆಗೆ ಮಲಗಿದೆ, ಎಷ್ಟು ಗಂಟೆಗೆ ಎದ್ದೆ ಅನ್ನುವುದಕ್ಕೆ ಸಾಕು. ಆದರೆ ಬೆಳಿಗ್ಗೆ ಚೆನ್ನಾಗಿಯೇ ಎದ್ದು, ವಾಚಿನಲ್ಲಿ ಕಡಿಮೆ ಅಂಕ ನೋಡಿ, ಇಡೀ ದಿನ ಸುಸ್ತು ಅನ್ನಿಸಿಕೊಂಡದ್ದು ನನಗೆ ಒಳ್ಳೆಯದು ಮಾಡಲಿಲ್ಲ. ಹಾಗೇ ದಿನಕ್ಕೆ 10,000 ಹೆಜ್ಜೆ ಅನ್ನುವ ಗುರಿ ಬಂದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. 7,000 ನಡೆದ ದಿನ ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಈ ವಾಚ್ ನಿಜವಾಗಿ ಕೆಲಸಕ್ಕೆ ಬಂದದ್ದು ಅಲ್ಲಿ. ಅವರು ಬೆಳಿಗ್ಗೆ ಒಬ್ಬರೇ ವಾಕಿಂಗ್ ಹೋಗುತ್ತಾರೆ. ಬಿದ್ದರೆ ನಮಗೆ ಸುದ್ದಿ ಮುಟ್ಟಬೇಕು, ಬಡಿತದ ತಾಳ ತಪ್ಪಿದರೆ ತಿಳಿಸಬೇಕು, ಇಷ್ಟೇ ಬೇಕಿದ್ದದ್ದು. ತಾಳ ತಪ್ಪುವುದನ್ನು ಹಿಡಿಯುವ ಬಗ್ಗೆ 4,19,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಆಪಲ್ ಹಾರ್ಟ್ ಸ್ಟಡಿ 2019ರಲ್ಲಿ ಪ್ರಕಟವಾಯಿತು, ಅದರಲ್ಲಿ ಎಚ್ಚರಿಕೆ ಬಂದದ್ದು ಶೇಕಡಾ 0.52 ಜನರಿಗೆ. ಅಂದರೆ ಪದೇ ಪದೇ ಕೂಗಿ ಹೆದರಿಸುವುದಿಲ್ಲ. ಆದರೆ ಎಚ್ಚರಿಕೆ ಬಂದಿಲ್ಲ ಅಂದ ಮಾತ್ರಕ್ಕೆ ಹೃದಯ ಸರಿ ಇದೆ ಅಂತಲೂ ಅಲ್ಲ, ಎದೆ ನೋವು ಬಂದರೆ ವಾಚ್ ನೋಡುತ್ತಾ ಕೂರಬಾರದು ಅಂತ ಅಪ್ಪನಿಗೆ ಎರಡೆರಡು ಸಲ ಹೇಳಿದ್ದೇನೆ.

ಕಷ್ಟ ಇದ್ದದ್ದು ಚಾರ್ಜಿನಲ್ಲಿ. ಅಪ್ಪ ಸ್ನಾನಕ್ಕೆ ಹೋಗುವಾಗ ಬಿಚ್ಚಿ ಚಾರ್ಜಿಗೆ ಇಡುತ್ತಿದ್ದರು, ಆಮೇಲೆ ಮರೆತುಬಿಡುತ್ತಿದ್ದರು. ಜಾರಿ ಬೀಳುವ ಭಯ ಇರುವುದೇ ಬಚ್ಚಲಲ್ಲಿ! ಕೊನೆಗೆ ಒಂದು ಪದ್ಧತಿ ಮಾಡಿಕೊಂಡೆವು. ಬೆಳಿಗ್ಗೆ ಪೇಪರ್ ಓದುವ ಮುಕ್ಕಾಲು ಗಂಟೆ ವಾಚ್ ಪಕ್ಕದಲ್ಲೇ ಚಾರ್ಜ್ ಆಗುತ್ತದೆ, ಪೇಪರ್ ಮಡಿಸಿದ ಕೂಡಲೇ ಕೈಗೆ. ಸೋಪು, ಬಿಸಿನೀರು ವಾಚಿನ ಸೀಲ್‌ಗೆ ಒಳ್ಳೆಯದಲ್ಲ, ಗೊತ್ತಿದೆ. ಬಚ್ಚಲಲ್ಲಿ ಅದು ಕೈಯಲ್ಲಿರುವುದು ನಮಗೆ ಅದಕ್ಕಿಂತ ಮುಖ್ಯ.

2024ರಲ್ಲಿ ಜಗತ್ತಿನಾದ್ಯಂತ ಸ್ಮಾರ್ಟ್‌ವಾಚ್ ಸಾಗಣೆ ಮೊದಲ ಬಾರಿಗೆ ಹಿಂದಿನ ವರ್ಷಕ್ಕಿಂತ ಕಡಿಮೆಯಾಯಿತು ಅಂತ ಮಾರುಕಟ್ಟೆ ಅಧ್ಯಯನ ಮಾಡುವ ಕೌಂಟರ್‌ಪಾಯಿಂಟ್ ರಿಸರ್ಚ್ ಕಂಪನಿ ಲೆಕ್ಕ ಕೊಟ್ಟಿತು. ನನಗೆ ಆಶ್ಚರ್ಯ ಆಗಲಿಲ್ಲ. ಹೊಸ ವಾಚ್ ಯಾಕೆ ತಗೋಬೇಕು? ಆಪಲ್ ವಾಚಿನಲ್ಲಿ ಇಸಿಜಿ ಬಂದದ್ದು 2018ರಲ್ಲಿ, ರಕ್ತದ ಆಮ್ಲಜನಕ ಅಳೆಯುವುದು 2020ರಲ್ಲಿ. ಅದಾದ ಮೇಲೆ ಹಳೆಯದನ್ನು ಬಿಚ್ಚಿ ಹೊಸದು ಕಟ್ಟಲೇಬೇಕು ಅನ್ನುವಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಜನ ನಿಜವಾಗಿ ಕಾಯುತ್ತಿರುವುದು ಸೂಜಿ ಚುಚ್ಚದೆ ಸಕ್ಕರೆ ಅಳೆಯುವ ವಾಚಿಗೆ. ಹಾಗೆ ಅಳೆಯುತ್ತದೆ ಅಂತ ಹೇಳಿ ಮಾರುವ ವಾಚ್ ಮತ್ತು ಉಂಗುರಗಳನ್ನು ನಂಬಬೇಡಿ, ಅಂಥ ಯಾವುದಕ್ಕೂ ಅನುಮತಿ ಕೊಟ್ಟಿಲ್ಲ ಅಂತ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಇದ್ದರೆ ಈ ಮಾತು ದಯವಿಟ್ಟು ಅವರಿಗೆ ಹೇಳಿ. ಆ ತಪ್ಪು ಸಂಖ್ಯೆ ನಂಬಿ ಇನ್ಸುಲಿನ್ ತಗೊಂಡರೆ ಜೀವಕ್ಕೇ ಅಪಾಯ.

ಇನ್ನೊಂದು ಕಾರಣ ಆಯುಸ್ಸು. ಸಾಮಾನ್ಯ ಕ್ವಾರ್ಟ್ಜ್ ವಾಚಿಗೆ ಒಂದು ಸಣ್ಣ ಸೆಲ್ ಹಾಕಿದರೆ ವರ್ಷಗಟ್ಟಲೆ ನಡೆಯುತ್ತದೆ. ದಿನಾ ಚಾರ್ಜ್ ಮಾಡುವ ವಾಚಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ನನ್ನ ಮೊದಲನೆಯದು ಮಧ್ಯಾಹ್ನಕ್ಕೇ ಆಫ್ ಆಗತೊಡಗಿತು, ಒಳಗೆಲ್ಲ ಅಂಟು ಹಾಕಿದ್ದರಿಂದ ರಿಪೇರಿಯವರು ಬಿಚ್ಚಲು ಒಪ್ಪಲಿಲ್ಲ. ಫೋನ್ ಬದಲಾಯಿಸಿದ ಮೇಲೆ ಅದರ ಆಪ್ ಕೂಡ ನಡೆಯಲಿಲ್ಲ. ಪೆಬಲ್ ನೆನಪಿದೆಯಾ? 2012ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಜನ 1 ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದು ಬೆಳೆಸಿದ ವಾಚ್ ಅದು. 2016ರ ಕೊನೆಗೆ ಕಂಪನಿ ಬಾಗಿಲು ಹಾಕಿತು, 2018ರಲ್ಲಿ ಅದರ ಸೇವೆಗಳೂ ನಿಂತವು. ಹೀಗೆ ಒಮ್ಮೆ ಅನುಭವಿಸಿದವರು ಎರಡನೆಯದಕ್ಕೆ ಕೈ ಹಾಕುವ ಮೊದಲು ಯೋಚನೆ ಮಾಡುತ್ತಾರೆ.

ಹೋದ ತಿಂಗಳು ತಂಗಿ ಕೇಳಿದಳು, "ಅಣ್ಣಾ, ನಾನೂ ಒಂದು ತಗೊಳ್ಳಲಾ?" ನನ್ನ ವಾಚ್ ಮತ್ತು ಒಂದು ಖಾಲಿ ನೋಟ್‌ಬುಕ್ ಎರಡನ್ನೂ ಹದಿನೈದು ದಿನಕ್ಕೆ ಕೊಟ್ಟು ಕಳಿಸಿದೆ. ವಾಪಸ್ ತಂದಾಗ ನೋಟ್‌ಬುಕ್‌ನಲ್ಲಿ ಅವಳೇ ಮಾಡಿಕೊಂಡ ಹೊಸ ಅಕ್ಷರ ಒಂದಿತ್ತು, 'ಅ', ಅಲಾರಾಂ. ಅವಳಿಗೆ ಬೆಳಗಿನ ಜಾವದ ಪಾಳಿ, ಪಕ್ಕದಲ್ಲಿ ಮಗು ಮಲಗಿರುತ್ತದೆ. ಕೈಯಲ್ಲಿ ಬರೀ ನಡುಗಿ ಎಬ್ಬಿಸುವ ಅಲಾರಾಂ ಅವಳಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತ್ತು. ಸ್ಮಾರ್ಟ್‌ವಾಚ್ ತಗೊಳ್ಳಲಿಲ್ಲ. ಸಣ್ಣ ಫಿಟ್‌ನೆಸ್ ಬ್ಯಾಂಡ್ ತಗೊಂಡಳು, ವಾರಕ್ಕೊಮ್ಮೆ ಚಾರ್ಜ್ ಮಾಡುತ್ತಾಳೆ, ಮಗು ಏಳುವುದಿಲ್ಲ.